ಬೀದಿದೀಪಕ್ಕೆ ಋತು ಯಾವುದು? ಕೃತಕ ಬೆಳಕಿನ ಬಗ್ಗೆ ಹಾಯ್ಕು ಬರೆಯುವುದು

ಮೂರು ಸಾಲಿನ ಜಪಾನಿ ಕವಿತೆ ಹಾಯ್ಕು ನಿಲ್ಲುವುದು ಋತುಪದದ ಮೇಲೆ, ಅಂದರೆ ಋತುವನ್ನು ಸೂಚಿಸುವ ಪದದ ಮೇಲೆ. ಜಪಾನಿಯರು ಅದನ್ನು ಕಿಗೊ ಎನ್ನುತ್ತಾರೆ. ಮಿಂಚುಹುಳು ಎಂದರೆ ಅವರಿಗೆ ಬೇಸಿಗೆ, ಬರೀ ಚಂದ್ರ ಎಂದರೆ ಶರತ್ಕಾಲ. ಬೀದಿದೀಪದ ತೊಡಕು ಇಲ್ಲೇ ಇದೆ: ಸಂಕ್ರಾಂತಿಗೂ ಅದೇ ಬೆಳಕು, ಆಷಾಢಕ್ಕೂ ಅದೇ. ದೀಪವೊಂದನ್ನೇ ಹಿಡಿದು ಬರೆದರೆ ಸಿಗುವುದು ಘೋಷಣೆ. ಆದ್ದರಿಂದ ಋತು ಬಲ್ಲ ಒಂದು ಜೀವವನ್ನೋ ಗಿಡವನ್ನೋ ಅದರ ಪಕ್ಕಕ್ಕೆ ತರಬೇಕು. ಜಪಾನಿನ ಋತುಪದಗಳ ಕೋಶದಲ್ಲೇ ಇದಕ್ಕೆ ದಾರಿಯಿದೆ. ಪತಂಗಗಳನ್ನು ಸೆಳೆದು ಕೊಲ್ಲುವ ದೀಪ, ‘ಯೂಗಾತೋ’, ಅಲ್ಲಿ ಬೇಸಿಗೆಯ ಪದ. ದೀಪಕ್ಕೆ ಋತು ಬಂದದ್ದು ಹುಳುವಿನಿಂದ.

ಮೊದಲ ಕೆಲಸ ಮಹಡಿ ಹತ್ತುವುದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಏಪ್ರಿಲ್–ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ತಿರುಗಿ ಸಪ್ತರ್ಷಿಗಳನ್ನು ಎಣಿಸಿ. ಚೌಕಕ್ಕೆ ಬಾಲ ಸೇರುವ ಮೂಲೆಯ ಅತ್ರಿ ಏಳರಲ್ಲಿ ಎಲ್ಲಕ್ಕಿಂತ ಮಂಕು, ನಗರದಲ್ಲಿ ಮೊದಲು ಕಾಣೆಯಾಗುವುದೂ ಅದೇ. ಆರೇ ಕಂಡರೆ ‘ಆರು’ ಎಂದೇ ಬರೆದುಕೊಳ್ಳಿ. ‘ನಕ್ಷತ್ರಗಳು ಮಾಯ’ ಎಂಬುದಕ್ಕಿಂತ ಒಂದು ಅಂಕಿ ಹೆಚ್ಚು ಹೇಳುತ್ತದೆ. ಮೋಡವಿದ್ದರೂ ಇಳಿಯಬೇಡಿ. ಹಳ್ಳಿಯಲ್ಲಿ ಮೋಡ ಕವಿದರೆ ಇರುಳು ಇನ್ನಷ್ಟು ಕಪ್ಪಾಗುತ್ತದೆ, ನಗರದಲ್ಲಿ ಅದೇ ಮೋಡ ಕೆಳಗಿನ ಬೆಳಕನ್ನು ಹಿಂದಕ್ಕೆ ಚೆಲ್ಲಿ ಆಕಾಶವನ್ನು ಬೆಳಗಿಸುತ್ತದೆ. ಮಳೆಗಾಲದ ಹಾಯ್ಕುಗಳಿಗೆ ಇದೊಂದೇ ಸಾಕು.

ದೀಪಕ್ಕೆ ಅದರ ಹೆಸರನ್ನೇ ಕೊಡಿ: ಸೋಡಿಯಂ ದೀಪ, ಹೈಮಾಸ್ಟ್, ಟ್ಯೂಬ್‌ಲೈಟ್, ಸೀರಿಯಲ್ ಸೆಟ್. ‘ಬೆಳಕು’, ‘ಕತ್ತಲೆ’ ಎಂಬ ಎರಡು ಪದಗಳನ್ನು ಆದಷ್ಟು ದೂರವಿಡಿ. ಕನ್ನಡದಲ್ಲಿ ಬೆಳಕೆಂದರೆ ಅರಿವು, ಕತ್ತಲೆಯೆಂದರೆ ಅಜ್ಞಾನ, ಶತಮಾನಗಳ ರೂಢಿ. ‘ಕತ್ತಲೆ ಬೇಕು’ ಎಂದು ಬರೆದರೆ ಓದುಗ ಅಧ್ಯಾತ್ಮದ ಕಡೆ ಹೊರಟುಬಿಡುತ್ತಾನೆ, ನಿಮ್ಮ ಹೈಮಾಸ್ಟ್ ಅಲ್ಲೇ ಉಳಿಯುತ್ತದೆ.

ಇನ್ನು ಎಣಿಕೆ. ಕನ್ನಡದಲ್ಲಿ ರೂಢಿಯಾಗಿರುವುದು 5-7-5 ಅಕ್ಷರ. ಒತ್ತಕ್ಷರ ಒಂದೇ ಅಕ್ಷರ, ಸೊನ್ನೆಗೆ ಬೇರೆ ಲೆಕ್ಕವಿಲ್ಲ, ‘ಸೀರಿಯಲ್’ನ ಕೊನೆಯ ‘ಲ್’ ಹಿಂದಿನ ಅಕ್ಷರಕ್ಕೆ ಸೇರುತ್ತದೆ. ಜಪಾನಿಯರು ಎಣಿಸುವ ಉಚ್ಚಾರದ ಘಟಕ ‘ಒನ್’ ನಿಜಕ್ಕೂ ನಮ್ಮ ಮಾತ್ರೆಗೆ ಹತ್ತಿರ. ‘ಟೋಕ್ಯೋ’ ನಮಗೆ ಎರಡಕ್ಷರ, ಅವರಿಗೆ ನಾಲ್ಕು ಒನ್. ಅಂದರೆ ನಮ್ಮ 17 ಅಕ್ಷರದಲ್ಲಿ ಅವರಿಗಿಂತ ಹೆಚ್ಚು ಜಾಗವಿದೆ. ಒಂದೆರಡು ಅಕ್ಷರ ಕಡಿಮೆಯಾದರೆ ತುಂಬಲು ಹೋಗಬೇಡಿ.

ಎಣಿಕೆ ಸರಿಯಾಗಿಯೂ ಕೆಟ್ಟದ್ದು ಹೀಗಿರುತ್ತದೆ:

ನಗರ ದೀಪ
ತಾರೆಗಳ ಕೊಂದಿತು
ಅಯ್ಯೋ ಮನುಜ!

ಋತುವಿಲ್ಲ, ಕಂಡದ್ದೂ ಇಲ್ಲ. ತೀರ್ಪು ಮಾತ್ರ ಇದೆ. ‘ಅಯ್ಯೋ’ ಎನ್ನುವುದು ಓದುಗನ ಪಾಲು, ಅದನ್ನು ಕವಿಯೇ ಎತ್ತಿಕೊಂಡಾಗಿದೆ. ಮೊದಲ ಮಳೆಯ ಸಂಜೆ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತುತ್ತವೆ. ಮರುದಿನ ಬೆಳಿಗ್ಗೆ ಅಲ್ಲಿಗೇ ಹೋಗಿ ನೋಡಿದರೆ:

ಮೊದಲ ಮಳೆ—
ದೀಪದ ಕಂಬದಡಿ
ರೆಕ್ಕೆಯ ರಾಶಿ

ಅಕ್ಷರ 17, ಮಾತ್ರೆ 21. ‘ಕಂಬದ ಅಡಿ’ ಸಂಧಿಯಾಗಿ ಒಂದಕ್ಷರ ಉಳಿಯಿತು. ಕ್ರಿಯಾಪದ ಇಲ್ಲ, ಕನ್ನಡಕ್ಕೆ ಅದು ಕೊರತೆಯೂ ಅಲ್ಲ. ಜಪಾನಿಯಲ್ಲಿ ಸಾಲನ್ನು ಕಡಿಯಲು ‘ಯಾ’, ‘ಕಾನಾ’ದಂಥ ಕಿರೆಜಿಗಳಿವೆ. ನಮಗೆ ಅಡ್ಡಗೆರೆಯೊಂದು ಸಾಕು, ಆದರೆ ಅದು ಒಂದೇ ಕಡೆ ಇರಲಿ. ಗೆರೆಯ ಎರಡೂ ಕಡೆಗಳನ್ನು ‘ಹಾಗೆ’, ‘ಅಂತೆ’, ‘ಆದ್ದರಿಂದ’ ಬಳಸಿ ಹೊಲಿದರೆ ಕಡಿತ ಮುಚ್ಚಿಹೋಗುತ್ತದೆ.

ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ಇರುಳು ಬಲ್ಬು ಉರಿಯುವುದನ್ನು ಕಾಣಬಹುದು. ಇರುಳು ಉದ್ದವಾದರೆ ಮೊಗ್ಗು ಬಿಡುವ ಗಿಡ ಅದು. ದೀಪ ಹಾಕಿ ಇರುಳನ್ನು ಮೊಟಕು ಮಾಡಿದರೆ ಹೂ ತಡವಾಗುತ್ತದೆ, ರೈತನಿಗೆ ಬೆಲೆಯಿರುವ ದಿನಕ್ಕೆ ಕೊಯ್ಲು ಸಿಗುತ್ತದೆ. ಜಪಾನಿನಲ್ಲಿ ಸೇವಂತಿಗೆಯೇ ಶರತ್ಕಾಲದ ಋತುಪದ. ಬಲ್ಬು ಕದಲಿಸಿದ್ದು ಆ ಋತುಪದವನ್ನೇ.

ಮಾಗಿಯ ಚಳಿ—
ಬಲ್ಬು ಹೊತ್ತಿದ ಹೊಲ
ಮೊಗ್ಗಿಲ್ಲ ಇನ್ನೂ

ಇಲ್ಲಿ ಹೂವಿನ ಹೆಸರು ಬಿಟ್ಟಿದೆ. ಆ ಹೊಲ ಕಂಡವರಿಗೆ ಬೇಕಿಲ್ಲ. ಕಾಣದವರಿಗಾಗಿ ನಡುವಿನ ಸಾಲನ್ನು ‘ಸೇವಂತಿಗೆಯ ಹೊಲ’ ಮಾಡಿದರೂ ಏಳಕ್ಷರವೇ. ಆದರೆ ಆಗ ಬಲ್ಬಿಗೆ ಮೊದಲ ಸಾಲಿನಲ್ಲಿ ಜಾಗ ಮಾಡಬೇಕು, ಮಾಗಿ ಹೋಗುತ್ತದೆ. ನಾವಾದರೆ ಮಾಗಿಯನ್ನೇ ಉಳಿಸುತ್ತೇವೆ.

ಋತುವಿಲ್ಲದೆ ಮನುಷ್ಯರ ಪೇಚಾಟವೇ ಮುಂದಾದರೆ ಅದು ಸೆನ್ರ್ಯು. ಕೃತಕ ಬೆಳಕಿನ ಬಗ್ಗೆ ಬರೆದದ್ದು ಅರ್ಧಕ್ಕರ್ಧ ಅತ್ತಲೇ ಜಾರುತ್ತದೆ. ತಪ್ಪಿಲ್ಲ, ಹೆಸರು ಮಾತ್ರ ಸರಿಯಿರಲಿ. ಅರುಂಧತಿ ವಸಿಷ್ಠನ ಪಕ್ಕದ ಮಂಕು ಚುಕ್ಕಿ, ಛತ್ರದ ದೀಪಾಲಂಕಾರದ ನಡುವೆ ಕಾಣುವುದು ಕಷ್ಟ. ಹಾಡಹಗಲೇ ಅವಳನ್ನು ತೋರಿಸಿ ಮುಗಿಸುವ ಮದುವೆಗಳೂ ಉಂಟು, ಅದು ಬೇರೆಯೇ ಪದ್ಯ. ಇರುಳಿನದಾದರೆ:

ಅರುಂಧತಿಯ
ತೋರಿಸುವ ಬೆರಳು
ಸೀರಿಯಲ್ ಕೆಂಪು