ನಾಗ್ಗಿನ್ ಕೊಳ್ಳದೇ ನರ ಬಂತು

ಭ್ರೂಣದ ಹೊರಪದರದ ಕೋಶಗಳಿಗೆ ಬಿಎಂಪಿ ಅನ್ನೋ ಸಂಕೇತ ಪ್ರೋಟೀನು ಇದ್ದರೆ ಚರ್ಮ, ತಪ್ಪಿಸಿದರೆ ನರ. ಎಂಎಸ್ಸಿ ಕ್ಲಾಸಿನಲ್ಲಿ ವರ್ಷ ವರ್ಷ ಇದನ್ನು ಹೇಳಿದ್ದೇ ಬಂತು, ಕಣ್ಣಿಗೆ ತೋರಿಸಿರಲಿಲ್ಲ. ತೋರಿಸ್ತೀನಿ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕರು: ಝೆನೋಪಸ್ (ಲ್ಯಾಬುಗಳಲ್ಲಿ ಸಾಕುವ ಆಫ್ರಿಕಾದ ಕಪ್ಪೆ) ಇಲ್ಲ, ತಂಪು ಕೋಣೆ ಇಲ್ಲ, ಮೇಲೆ ಬಳ್ಳಾರಿ ಬಿಸಿಲು. ಝೆನೋಪಸ್ ಭ್ರೂಣ 24 ಡಿಗ್ರಿ ದಾಟಿದರೆ ಕೆಡುತ್ತದೆ, ನಿಜ. ನಮ್ಮ ನೆಲಗಪ್ಪೆಗೆ ಅಷ್ಟು ನಾಜೂಕು ಇಲ್ಲ. ಮೊದಲ ಮಳೆ ಬಿದ್ದ ರಾತ್ರಿ ಹಗರಿ ಕಡೆ ಹೊಲದ ಗುಂಡಿಗಳಲ್ಲಿ ಮೊಟ್ಟೆಯ ಸರ ಬಿಟ್ಟಿರುತ್ತವೆ. ಬೆಳಕು ಹರಿಯುವ ಮುಂಚೆ ಹೋಗಬೇಕು, ಅಷ್ಟೇ.

ದುಡ್ಡು ಹಾಳಾದದ್ದು ಬಿಎಂಪಿಯನ್ನು ತಡೆಯುವ ನಾಗ್ಗಿನ್ ಅನ್ನೋ ಪ್ರೋಟೀನಿಗೆ. ಕಣ್ಣಿಗೂ ಕಾಣದಷ್ಟು ನಾಗ್ಗಿನ್‌ಗೆ ಹತ್ತಿರ ಹತ್ತಿರ ಮೂವತ್ತು ಸಾವಿರ. ಕೊರಿಯರಿನವರು ಶನಿವಾರ, ಭಾನುವಾರ ಗೋದಾಮಿನಲ್ಲಿಟ್ಟು ಸೋಮವಾರ ತಂದರು. ಪೆಟ್ಟಿಗೆ ತೆರೆದರೆ ಡ್ರೈ ಐಸ್ ಚೂರೂ ಇಲ್ಲ, ಪ್ರೋಟೀನು ಕೆಟ್ಟ ಹಾಗೆಯೇ. ಬಿಲ್ಲಿಗೆ ಸಹಿ ಹಾಕಿದವರು ಇವತ್ತಿಗೂ ಕಾರಿಡಾರಿನಲ್ಲಿ ಸಿಕ್ಕರೆ "ಕಪ್ಪಿ ಏನಂತದರೀ ಸರ?" ಅಂತಾರೆ.

ಆಮೇಲೆ ಹಿಡಿದದ್ದು ಹಳೇ ದಾರಿ. 1989ರಲ್ಲಿ ಗ್ರುಂಟ್ಸ್ ಮತ್ತು ಟಾಕೆ ಝೆನೋಪಸ್‌ನಲ್ಲಿ ಮಾಡಿದ್ದು: ಅನಿಮಲ್ ಕ್ಯಾಪಿನ (ಎಳೆ ಭ್ರೂಣದ ಮೇಲ್ತುದಿಯ ಟೋಪಿಯಂಥ ಭಾಗ) ಕೋಶಗಳನ್ನು ಬಿಡಿಬಿಡಿ ಮಾಡಿ, ತಕ್ಷಣ ಕೂಡಿಸಿದರೆ ಚರ್ಮ, ಕೆಲವು ಗಂಟೆ ತಡೆದು ಕೂಡಿಸಿದರೆ ನರ. ನಾಗ್ಗಿನ್ ಸಿಕ್ಕಿದ್ದು 1992ರಲ್ಲಿ, ಅದೇ ಕೆಲಸದ ಇನ್ನೊಂದು ಪ್ರೋಟೀನು ಕಾರ್ಡಿನ್ 1994ರಲ್ಲಿ. ಅಂದರೆ ಬಾಟಲಿ ಇಲ್ಲದೆಯೇ ಆಗುವ ಕೆಲಸ. ಕೋಶ ಹೊರಗೆ ಬಿಟ್ಟ ಬಿಎಂಪಿಯನ್ನು ತಡೆಯೋದು ಬೇಡ, ತೊಳೆದು ಚೆಲ್ಲಿದರೆ ಸಾಕು ಅನ್ನೋದು ಎಣಿಕೆ.

ಮೊಟ್ಟೆ ಸುತ್ತಲಿನ ಲೋಳೆ ತೆಗೆಯೋದೇ ದೊಡ್ಡ ತಲೆನೋವಾಯಿತು. ಝೆನೋಪಸ್‌ಗೆ ಸಾಲುವ 2% ಸಿಸ್ಟೀನ್ (ಲೋಳೆ ಕರಗಿಸುವ ಅಮೈನೋ ಆಮ್ಲ) ಈ ಸರಕ್ಕೆ ತಾಗಲೇ ಇಲ್ಲ. ಸಮಯ ಹೆಚ್ಚಿಸಿದರೆ ಭ್ರೂಣವೇ ಬೂದಿಬಣ್ಣ. ಕೊನೆಗೆ ಒಂದು ಉಪಾಯ ಹೊಳೆಯಿತು. ಅದನ್ನು ಇಲ್ಲಿ ಬರೆಯೋದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸ್ತೀನಿ.

ಕ್ಯಾಪ್ ಕತ್ತರಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ದ್ರಾವಣಕ್ಕೆ ಹಾಕಿದರೆ ಒಳಪದರದ ಬಿಳಿ ಕೋಶ ಉದುರುತ್ತವೆ. ಮೇಲಿನ ಕಪ್ಪು ಪದರ ಮಾತ್ರ ಹಾಳೆಯಂತೆ ಒಂದೇ ತುಂಡಾಗಿ ಉಳಿಯುತ್ತದೆ; ಹುಬ್ಬಿನ ಕೂದಲಿನ ಕುಣಿಕೆಯಿಂದ ಅದನ್ನು ಎತ್ತಿ ಬಿಸಾಕಿ. ತಟ್ಟೆಗೆ ಜೆಲ್ಲಿಯಂಥ ಅಗರೋಸ್ ಬಳಿಯದಿದ್ದರೆ ಕೋಶ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡು ಒಡೆಯುತ್ತವೆ. ಎರಡು ಮಳೆಗಾಲ ಹೀಗೇ ಹೋಯಿತು. ಅರ್ಧರ್ಧ ಗಂಟೆಗೆ ದ್ರಾವಣ ಬದಲಿಸುತ್ತಾ ಸುಮಾರು ನಾಲ್ಕು ಗಂಟೆ, ಆಮೇಲೆ ಕ್ಯಾಲ್ಸಿಯಂ ಹಾಕಿ ಕೂಡಿಸೋದು. ಬ್ಯಾಕ್ಟೀರಿಯಾ ತಡೆಯುವ ಜೆಂಟಾಮೈಸಿನ್ ಮರೀಬೇಡಿ. ಕರೆಂಟ್ ಹೋದರೂ ಚಿಂತೆಯಿಲ್ಲ: ಒದ್ದೆ ಗೋಣಿ ಸುತ್ತಿದ ಗಡಿಗೆಯೊಳಗೆ ತಟ್ಟೆ ಇಟ್ಟರೆ 25ರ ಆಸುಪಾಸು ನಿಲ್ಲುತ್ತದೆ. ಮೋಡ ಕವಿದ ದಿನ ಮಾತ್ರ ಗಡಿಗೆ ಕೈಕೊಡುತ್ತದೆ.

ಇನ್-ಸಿಟು (ಯಾವ ಜೀನ್ ಚಾಲೂ ಇದೆ ಅಂತ ಬಣ್ಣದಿಂದ ತೋರಿಸುವ ವಿಧಾನ) ಇಲ್ಲದೆ ಗುರುತಿಸೋದು ಹೇಗೆ ಅಂತ ಕೇಳ್ತೀರಿ. ಚರ್ಮವಾದ ಉಂಡೆಗೆ ಸಿಲಿಯಾ (ಬಡಿಯುವ ಸೂಕ್ಷ್ಮ ರೋಮ) ಬರುತ್ತದೆ, ತಟ್ಟೆಯಲ್ಲಿ ತಾನೇ ಗಿರ್ರನೆ ತಿರುಗುತ್ತದೆ. ಈ ಸಲ ತಕ್ಷಣ ಕೂಡಿಸಿದವು ಹೆಚ್ಚುಕಡಿಮೆ ಎಲ್ಲ ತಿರುಗಿದವು. ತಡೆದು ಕೂಡಿಸಿದವುಗಳಲ್ಲಿ ಮುಕ್ಕಾಲು ಪಾಲು ಅಲ್ಲಾಡಲಿಲ್ಲ; ಸತ್ತವು ಅಂದುಕೊಂಡರು ಹುಡುಗರು. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕೊಯ್ದು ಹೆಮಟಾಕ್ಸಿಲಿನ್ ಬಣ್ಣ ಹಾಕಿದಾಗ ಒತ್ತೊತ್ತಾಗಿ ನಿಂತ ಉದ್ದನೆಯ ನರಕೋಶದ ರಚನೆ! ನಕ್ಕವರಿಗೆ ಅದೇ ಫೋಟೋ ಕಳಿಸಿದೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಅದೇ ಕೋಶಗಳನ್ನು ಒಂದೇ ಸಣ್ಣ ಹನಿಯಲ್ಲಿ ಒತ್ತಾಗಿ ಇಟ್ಟು, ದ್ರಾವಣ ಬದಲಿಸದೆ ಅಷ್ಟೇ ಹೊತ್ತು ಬಿಟ್ಟೆ. ಅರ್ಧಕ್ಕೂ ಹೆಚ್ಚು ತಿರುಗಿದವು. ತೊಳೆಯದಿದ್ದರೆ ಸಂಕೇತ ಅಲ್ಲೇ ಉಳಿಯುತ್ತದೆ ಅಂತ ನನ್ನ ಲೆಕ್ಕ. 

ಫೋರ್ಸೆಪ್ಸ್ ಬಿಟ್ಟರೆ ಒಟ್ಟು ಖರ್ಚು ನಾಲ್ಕೈದು ಸಾವಿರ. ಬಿಎಂಪಿ4 (ಬಿಎಂಪಿಯ ಒಂದು ಬಗೆ) ಮತ್ತೆ ಹಾಕಿ ಬಿಡಿ ಕೋಶಗಳನ್ನು ಚರ್ಮಕ್ಕೆ ತಿರುಗಿಸೋದು ಬಾಕಿ. ಅದು ವಿಲ್ಸನ್ ಮತ್ತು ಹೆಮ್ಮಾಟಿ-ಬ್ರಿವಾನ್‌ಲೂ 1995ರಲ್ಲಿ ಮಾಡಿದ್ದು. ಆ ಬಾಟಲಿಗೆ ದುಡ್ಡು ಮಂಜೂರಾದರೆ ಕೊರಿಯರ್ ಬೇಡ, ನಾನೇ ಬೆಂಗಳೂರಿಗೆ ಹೋಗಿ ಐಸ್ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ತರ್ತೀನಿ.