ಜೊಂಡು ಕೊಯ್ಯದೆ ಬಿಟ್ಟ ಮಳೆಗಾಲ

ಗಂಗಾವತಿ ಹತ್ತಿರ ನಮ್ಮ ಗದ್ದೆಯ ಅಂಚಿಗೆ ಒಂದು ಬಸಿಗಾಲುವೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಅದರಲ್ಲಿ ಆಳೆತ್ತರ ಜೊಂಡು ಎದ್ದು ನಿಲ್ಲುತ್ತದೆ. ಪ್ರತಿ ವರ್ಷ ಕೊಯ್ದು ಸುಡುತ್ತಿದ್ದೆವು. ಹೋದ ವರ್ಷ ಆಗಸ್ಟ್‌ನಲ್ಲಿ ಕುಡುಗೋಲು ಹಿಡಿದು ಇಳಿದಾಗ ಒಳಗಿಂದ ಚಿರಚಿರ ಸದ್ದು ಕೇಳಿಸಿತು.

ಮಾಮೂಲಿ ಗೀಜಗ ಇರಬೇಕು ಅಂದುಕೊಂಡೆ. ಆದರೆ ಅದು ಜಾಲಿಗೋ ಈಚಲಿಗೋ ಗೂಡು ಜೋತು ಬಿಡುತ್ತದೆ, ಅಲ್ವಾ? ಇವು ಜೊಂಡಿನಲ್ಲೇ ಇದ್ದವು. ಒಡ್ಡಿನ ಮೇಲೆ ಕೂತು ಬೈನಾಕ್ಯುಲರ್‌ನಲ್ಲಿ ನೋಡಿದೆ. ಗಂಡಿನ ನೆತ್ತಿ ಹಳದಿ, ಮುಖ ಕಪ್ಪು, ಎದೆ ತುಂಬ ಕಪ್ಪು ಗೆರೆ. ಗೆರೆ ಗೀಜಗ! ಇಂಗ್ಲಿಷಿನ ಸ್ಟ್ರೀಕ್ಡ್ ವೀವರ್.

ಮೂರನೇ ದಿನ ಆಸೆ ತಡೆಯದೆ ಜೊಂಡು ಸರಿಸಿ ಒಂದು ಗೂಡಿನೊಳಗೆ ಇಣುಕಿದೆ. ಆ ಗೂಡಿಗೆ ಹಕ್ಕಿ ಮತ್ತೆ ಬರಲೇ ಇಲ್ಲ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಆಮೇಲೆ ಇಪ್ಪತ್ತೈದು ಹೆಜ್ಜೆ ದೂರ ಬಿಟ್ಟು ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ಆರರಿಂದ ಎಂಟು, ದಿನಾ ಅದೇ ಜಾಗ. ಗುರುತಿಗೆಂದು ಗೂಡಿಗೆ ದಾರ ಕಟ್ಟದೆ, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದು ನಂಬರ್ ಹಾಕಿದೆ.

ಗಂಡು ಭತ್ತದ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚುತ್ತದೆ, ಕಚ್ಚಿದವನೇ ಹಾರುತ್ತಾನೆ, ಉದ್ದನೆಯ ಎಳೆ ಸರ್ರನೆ ಸೀಳಿ ಬರುತ್ತದೆ. ಜೊಂಡಿನ ನಾಲ್ಕಾರು ತುದಿಗಳನ್ನು ಸೇರಿಸಿ ಬಿಗಿದು, ಅದಕ್ಕೆ ಮೊದಲು ಬಳೆಯಂತೆ ಒಂದು ಸುತ್ತು ನೇಯುತ್ತಾನೆ. ಅರ್ಧ ಮುಗಿದಾಗ ಒಳಗೆ ಹಸಿ ಮಣ್ಣು ಮೆತ್ತಿ, ಲಂಟಾನ ಹೂವಿನ ಎಸಳು ಅಂಟಿಸಿ, ರೆಕ್ಕೆ ಬಡಿದು ಕರೆಯುತ್ತಾನೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ. ಬಾಗಿಲಿನ ಕೊಳವೆ ಮಾಮೂಲಿ ಗೀಜಗದ್ದಕ್ಕಿಂತ ಗಿಡ್ಡ.

ಪಕ್ಕದ ಗದ್ದೆಯವರು, 'ಕಾಳು ತಿಂತಾವ್ರೀ, ಸುಮ್ನೆ ಬಿಟ್ಟೀರಿ' ಅಂದರು. ಭತ್ತದ ಕಾಳಿಗೆ ಹಾಲು ತುಂಬುವ ಹೊತ್ತಿಗೆ ತಿನ್ನುವುದು ನಿಜ, ಅದಕ್ಕೇ ಬೆದರಿಸಲು ಹೊಳೆಯುವ ರಿಬ್ಬನ್ ಕಟ್ಟಿದೆವು. ಆದರೆ ಮರಿಗಳ ಬಾಯಿಗೆ ಜಾಸ್ತಿ ಹೋಗಿದ್ದು ಹುಳ. ಅದನ್ನು ಅವರಿಗೇ ಬೈನಾಕ್ಯುಲರ್ ಕೊಟ್ಟು ತೋರಿಸಿದೆ.

ನೀರು ಹರಿಯಲು ಕಾಲುವೆಯ ನಡುವೆ ಒಂದು ಪಟ್ಟಿ ಮಾತ್ರ ಕೊಯ್ದು, ಎರಡೂ ಅಂಚು ಬಿಟ್ಟೆ. ಮೊಟ್ಟೆಗೆ ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು. ಅಷ್ಟು ಕಾದು, ಅಕ್ಟೋಬರ್‌ನಲ್ಲಿ ಗೂಡು ಖಾಲಿಯಾದ ಮೇಲೆ ಉಳಿದದ್ದು ಕೊಯ್ದೆ. ಈ ಸಲ ಪಕ್ಕದವರೂ ತಮ್ಮ ಕಡೆಯ ಅಂಚು ಬಿಟ್ಟಿದ್ದಾರೆ. ಇಲ್ಲಿಯತನಕ ಹನ್ನೊಂದು ಗೂಡು ಎಣಿಸಿದ್ದೇನೆ.