ಗ್ವಾಕಮೋಲೆ: ಹಣ್ಣಿನ ಹದ ಸಿಕ್ಕರೆ ಮುಕ್ಕಾಲು ಕೆಲಸ ಮುಗೀತು

ಬೆಣ್ಣೆಹಣ್ಣು ಈಗ ಹುಬ್ಬಳ್ಳಿಯ ಜನತಾ ಬಜಾರಿನಲ್ಲೂ ಸಿಗುತ್ತದೆ, ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಕೊಳ್ಳುವವರೂ ಜಾಸ್ತಿಯಾಗಿದ್ದಾರೆ. ಆದರೆ ಮನೆಗೆ ತಂದ ಮೇಲೆ ಅದಕ್ಕೆ ಆಗುವ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೂ ಕಾಯಿ ಇರುವಾಗಲೇ ಕತ್ತರಿಸುತ್ತಾರೆ. ಗ್ವಾಕಮೋಲೆ, ಅಂದರೆ ಬೆಣ್ಣೆಹಣ್ಣಿನ ಖಾರದ ಚಟ್ನಿ, ಮಾಡುತ್ತೇವೆ ಅಂತ ಮಿಕ್ಸಿಗೆ ಹಾಕುತ್ತಾರೆ. ತಿರುಗಲಿಲ್ಲ ಅಂತ ಮೊಸರು, ಕಹಿ ಬಂತು ಅಂತ ಸಕ್ಕರೆ, ಸಪ್ಪೆ ಆಯ್ತು ಅಂತ ಒಂದು ಹಿಡಿ ಬೆಳ್ಳುಳ್ಳಿ. ಕೊನೆಗೆ 'ಇದು ನಮ್ಮ ಬಾಯಿಗೆ ಹತ್ತೋದಲ್ಲ ಬಿಡ್ರಿ' ಅಂತ ಬಟ್ಟಲು ಆಚೆ ಸರಿಸುತ್ತಾರೆ.

ಬಾಯಿಗೆ ಹತ್ತದೇ ಇರುವಂಥದ್ದು ಅದರಲ್ಲಿ ಏನಿದೆ? ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ, ಲಿಂಬೆ, ಉಪ್ಪು. ಎಲ್ಲ ದಿನಾ ಬಳಸುವವೇ. ಗ್ವಾಕಮೋಲೆ ಮೆಕ್ಸಿಕೋದ್ದು. ಸ್ಪೇನಿನವರು ಅಲ್ಲಿಗೆ ಹೋಗುವ ಮೊದಲೇ ಅಲ್ಲಿನ ಜನ ಈ ಹಣ್ಣನ್ನು ಕಲ್ಲಿನ ಒರಳಿನಲ್ಲಿ ಮೆಣಸಿನಕಾಯಿ ಜೊತೆ ಅರೆದು ತಿನ್ನುತ್ತಿದ್ದರು. ಉಳ್ಳಾಗಡ್ಡಿ, ಲಿಂಬೆ, ಕೊತ್ತಂಬರಿ ಸೇರಿದ್ದು ಆಮೇಲೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಆ ಕಡೆಯದೇ. ಹಾಗಾಗಿ ನಮಗೆ ಇಲ್ಲಿ ಹೊಸದು ಹಣ್ಣು ಒಂದೇ. ಕೆಡುವುದೂ ಅಲ್ಲೇ.

ಹಣ್ಣು ಆರಿಸುವುದು, ಕಾಯುವುದು

ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಸಿಪ್ಪೆ ಕಪ್ಪಾದ, ಗುಳ್ಳೆ ಗುಳ್ಳೆಯ ಚಿಕ್ಕ ಹಣ್ಣು ಇರುತ್ತದೆ. ಅದು ಹಾಸ್ ತಳಿ. ಕ್ಯಾಲಿಫೋರ್ನಿಯಾದ ರುಡಾಲ್ಫ್ ಹಾಸ್ ಎಂಬ ಅಂಚೆಯವನ ತೋಟದಲ್ಲಿ ಹುಟ್ಟಿದ ಗಿಡ, 1935ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಣ್ಣಾದಾಗ ಅದು ಕಪ್ಪಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ನಮ್ಮ ಕಡೆ ಬರುವ ಹಣ್ಣು ಬೇರೆ. ದೊಡ್ಡದು, ಸಿಪ್ಪೆ ನುಣುಪು. ಹೆಚ್ಚಿನವು ಹಣ್ಣಾದರೂ ಹಸಿರಾಗೇ ಇರುತ್ತವೆ. ಇದು ಗೊತ್ತಿಲ್ಲದೆ 'ಕಪ್ಪಾಗಲಿ' ಅಂತ ಕಾಯುತ್ತಾ ಕೂತವರ ಮನೆಯಲ್ಲಿ ಹಣ್ಣು ಒಳಗೇ ಕೊಳೆತಿರುತ್ತದೆ. ಬಣ್ಣ ನಂಬಬೇಡಿ.

ಬೆಣ್ಣೆಹಣ್ಣು ಗಿಡದಲ್ಲಿ ಇರುವಷ್ಟು ದಿನ ಮೆತ್ತಗಾಗುವುದಿಲ್ಲ. ಕಿತ್ತ ಮೇಲೇ ಹಣ್ಣಾಗುವುದು. ಅಂಗಡಿಯಲ್ಲಿ ಗಟ್ಟಿ ಕಾಯಿ ಸಿಕ್ಕರೆ ಸಂತೋಷದಿಂದ ತನ್ನಿ. ಈಗಾಗಲೇ ಮೆತ್ತಗಾದದ್ದನ್ನು ಹತ್ತು ಜನ ಒತ್ತಿ ನೋಡಿರುತ್ತಾರೆ, ಒತ್ತಿದ ಕಡೆಯೆಲ್ಲ ಒಳಗೆ ಕಂದು ಕಲೆ ಬಿದ್ದಿರುತ್ತದೆ. ಕಾಯಿ ತಂದು ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಹಣ್ಣು ಮಾಡುತ್ತದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುತ್ತೇವಲ್ಲ, ಅದೇ ಲೆಕ್ಕ. ಸೆಕೆ ಇದ್ದರೆ ಎರಡು ಮೂರು ದಿನ, ಮಳೆಗಾಲದ ತಂಪಿಗೆ ನಾಲ್ಕೈದು ದಿನ ಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೆವರಿ ಬೂಸು ಬರುತ್ತದೆ. ಕಾಯಿಯನ್ನು ಫ್ರಿಜ್ಜಿಗೆ ಹಾಕಲೇಬೇಡಿ. ತಣ್ಣಗಿನ ಪೆಟ್ಟು ಬಿದ್ದ ಕಾಯಿ ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ. ಹಣ್ಣಾದ ಮೇಲೆ ಬೇಕಾದರೆ ಎರಡು ದಿನ ಫ್ರಿಜ್ಜಿನಲ್ಲಿಡಿ.

ಹದ ನೋಡುವುದು ಹೀಗೆ. ಹಣ್ಣನ್ನು ಅಂಗೈಯಲ್ಲಿ ಇಟ್ಟುಕೊಂಡು ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪ ಜಗ್ಗಬೇಕು, ಗುಳಿ ಬೀಳಬಾರದು. ಹೊಟ್ಟೆಯ ಭಾಗ ಒತ್ತಬೇಡಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನಮ್ಮ ಕಡೆಯ ಹಣ್ಣುಗಳಲ್ಲಿ ಎಷ್ಟೋ ಸಲ ಬೀಜ ಒಳಗೆ ಸಡಿಲಾಗಿ ಲೊಟಲೊಟ ಅನ್ನುತ್ತದೆ. ಇನ್ನೂ ಅನುಮಾನ ಇದ್ದರೆ ತೊಟ್ಟಿನ ಗುಂಡಿ ಕಿತ್ತು ನೋಡಿ. ಸುಲಭಕ್ಕೆ ಬಂದು ಕೆಳಗೆ ತಿಳಿ ಹಸಿರು ಕಂಡರೆ ಇವತ್ತೇ ಮಾಡಿ. ಗುಂಡಿ ಬರಲೇ ಇಲ್ಲ ಅಂದರೆ ಇನ್ನೊಂದು ದಿನ. ಕೆಳಗೆ ಕಂದು ಕಂಡರೆ ತಡವಾಗಿದೆ.

ಅವಸರ ಅಂತ ಮೈಕ್ರೋವೇವ್‌ನಲ್ಲಿ ಇಡುವವರಿದ್ದಾರೆ. ಬಿಸಿಗೆ ಅದು ಮೆತ್ತಗಾಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಬೆಂದ ಬೆಣ್ಣೆಹಣ್ಣು ಕಹಿ ಬೇರೆ. ಇದೇ ಕಾರಣಕ್ಕೆ ಮೇಲೆ ಸಾಸಿವೆ ಒಗ್ಗರಣೆ ಸುರಿಯುವ ಆಸೆಯನ್ನೂ ಬಿಡಿ.

ಖಾರದ ಮುದ್ದೆ

ನಾಲ್ಕು ಜನಕ್ಕೆ ನಮ್ಮ ಕಡೆಯ ದೊಡ್ಡ ಹಣ್ಣು ಒಂದು ಸಾಕು, ಹಾಸ್ ಆದರೆ ಎರಡು. ಹಣ್ಣು ಮುಟ್ಟುವ ಮೊದಲು ಖಾರ ಸಿದ್ಧವಿರಲಿ. ಎರಡು ಚಮಚದಷ್ಟು ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ, ಒಂದು ಹಿಡಿ ಜವಾರಿ ಕೊತ್ತಂಬರಿ, ಅರ್ಧ ಚಮಚ ಉಪ್ಪು. ಇದರಲ್ಲಿ ಅರ್ಧ ಉಳ್ಳಾಗಡ್ಡಿ, ಅರ್ಧ ಕೊತ್ತಂಬರಿ ತೆಗೆದಿಟ್ಟು ಉಳಿದದ್ದನ್ನು ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿ. ನೀರು ಬಿಟ್ಟು ಹಸಿರು ಮುದ್ದೆಯಾಗಬೇಕು. ಹೀಗೆ ಮಾಡಿದರೆ ಖಾರ ಎಲ್ಲ ಕಡೆ ಸಮ ಹರಡುತ್ತದೆ. ಇಲ್ಲದಿದ್ದರೆ ಒಬ್ಬರ ಬಾಯಿಗೆ ಸಪ್ಪೆ, ಇನ್ನೊಬ್ಬರ ಬಾಯಿಗೆ ಮೆಣಸಿನಕಾಯಿ ತುಂಡು.

ಮಿಕ್ಸಿ ಬೇಡ. ಚಿಕ್ಕ ಒರಳು ಇಲ್ಲವೆಂದರೆ ಲಟ್ಟಣಿಗೆಯ ತುದಿಯಿಂದ ಸ್ಟೀಲ್ ಬಟ್ಟಲಿನಲ್ಲೇ ಕುಟ್ಟಿ.

'ಗ್ವಾಕಮೋಲೆ ಮಸಾಲೆ' ಅಂತ ಪ್ಯಾಕೆಟ್ ಸಿಗುತ್ತದೆ. ನಾನು ರುಚಿ ನೋಡಿದ್ದರಲ್ಲೆಲ್ಲ ಬೆಳ್ಳುಳ್ಳಿ ಪುಡಿಯೇ ಮುಂದು, ಹಣ್ಣಿನ ರುಚಿ ಸತ್ತೇ ಹೋಗುತ್ತದೆ. ಬಾಟಲಿಯ ಲಿಂಬೆ ರಸವೂ ಬೇಡ, ಅದಕ್ಕೆ ಹಳಸಲು ವಾಸನೆ. ಲಿಂಬೆಹಣ್ಣಿಗೆ ನಮಗೇನು ಬರವೇ? ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಸಿಕ್ಕರಂತೂ ಅರ್ಧ ಹೋಳು ಸಾಕು.

ಹಣ್ಣು ಸೇರಿಸುವುದು

ಉದ್ದಕ್ಕೆ ಸುತ್ತಲೂ ಚಾಕು ಆಡಿಸಿ ತಿರುಗಿಸಿದರೆ ಹಣ್ಣು ಎರಡಾಗುತ್ತದೆ. ಬೀಜವನ್ನು ಚಮಚದಿಂದ ಎಬ್ಬಿಸಿ. ಹಣ್ಣನ್ನು ಕೈಯಲ್ಲಿ ಹಿಡಿದು ಬೀಜಕ್ಕೆ ಚಾಕು ಹೊಡೆಯುವುದನ್ನು ಟಿವಿಯಲ್ಲಿ ತೋರಿಸುತ್ತಾರೆ, ಮಾಡಬೇಡಿ, ಚಾಕು ಜಾರಿದರೆ ಸೀದಾ ಅಂಗೈಗೆ. ತಿರುಳು ತೆಗೆಯುವಾಗ ಸಿಪ್ಪೆಗೆ ಅಂಟಿದ ಹಸಿರು ಭಾಗ ಬಿಡಬೇಡಿ. ಕಪ್ಪು ನಾರು, ಕಲೆ ಕಂಡರೆ ಅಷ್ಟನ್ನು ಎತ್ತಿ ಬಿಸಾಡಿ.

ನಮ್ಮ ಕಡೆಯ ಹಣ್ಣಿನಲ್ಲಿ ಹಾಸ್‌ಗಿಂತ ಕೊಬ್ಬು ಕಡಿಮೆ, ನೀರು ಜಾಸ್ತಿ. ವಿದೇಶಿ ಅಳತೆಯಲ್ಲಿ ಲಿಂಬೆ ಹಿಂಡಿ, ಟೊಮೆಟೊ ಸೇರಿಸಿದರೆ ಸಾರು ಆಗಿಬಿಡುತ್ತದೆ. ಅದಕ್ಕೇ ತಿರುಳನ್ನು ಖಾರದ ಮುದ್ದೆಗೆ ಹಾಕಿ ಫೋರ್ಕಿನಿಂದ ಅರ್ಧಂಬರ್ಧ ಮಾತ್ರ ಹಿಸುಕಿ, ಹೆಬ್ಬೆರಳಿನ ಉಗುರಿನಷ್ಟು ತುಂಡುಗಳು ಉಳಿಯಲಿ. ಲಿಂಬೆ ಒಮ್ಮೆಲೇ ಹಿಂಡಬೇಡಿ. ಕಾಲು ಹೋಳು ಹಿಂಡಿ, ಕಲಸಿ, ನೆಕ್ಕಿ ನೋಡಿ. ಟೊಮೆಟೊ ಬೇಕೇ ಬೇಕು ಅನ್ನುವವರು ಬೀಜ, ರಸ ತೆಗೆದು ಬರೀ ಗಟ್ಟಿ ಭಾಗ ಹಾಕಿ. ನಾನು ಹಾಕುವುದಿಲ್ಲ.

ಇಲ್ಲಿಂದ ಮುಂದೆ ನಿಮ್ಮ ನಾಲಿಗೆ ಹೇಳಿದಂತೆ. ಸಪ್ಪೆ ಅನಿಸಿದರೆ ಮೊದಲು ಉಪ್ಪು ಹಾಕಿ, ಲಿಂಬೆ ಆಮೇಲೆ. ಬಹಳಷ್ಟು ಜನ ಇದನ್ನು ಉಲ್ಟಾ ಮಾಡಿ ಹುಳಿ ಮಾಡಿಕೊಳ್ಳುತ್ತಾರೆ. ಖಾರ ಸಾಲದಿದ್ದರೆ ಒಣ ಖಾರಪುಡಿ ಬೇಡ, ಇನ್ನೊಂದು ಹಸಿಮೆಣಸಿನಕಾಯಿ ಕುಟ್ಟಿ. ತೆಳ್ಳಗಾಗಿದ್ದರೆ ಹುರಿದ ಶೇಂಗಾ ಪುಡಿ ಒಂದು ಚಮಚ ಕಲಸಿ. ಮೆಕ್ಸಿಕೋದ ರೂಢಿಯಲ್ಲಿ ಇದಿಲ್ಲ, ಆದರೆ ನೀರು ಹೀರಿಕೊಳ್ಳುತ್ತದೆ, ನಮ್ಮ ಬಾಯಿಗೆ ಬಹಳ ಹೊಂದುತ್ತದೆ. ಮಾವಿನಕಾಯಿ ಕಾಲದಲ್ಲಿ ಲಿಂಬೆ ಬಿಟ್ಟು ತುರಿದ ಮಾವಿನಕಾಯಿ ಹಾಕಿ ನೋಡಿ. ಬೆಳ್ಳುಳ್ಳಿ ಬೇಕಾದರೆ ಒಂದೇ ಎಸಳು. ಮೊಸರು, ಮಯೋನೈಸ್ ಯಾವ ಕಾರಣಕ್ಕೂ ಬೇಡ.

ಎತ್ತಿಟ್ಟ ಉಳ್ಳಾಗಡ್ಡಿ, ಕೊತ್ತಂಬರಿ ಮೇಲೆ ಉದುರಿಸಿ. ತಿನ್ನಲು ಪ್ಯಾಕೆಟ್ ಚಿಪ್ಸ್ ತರಬೇಕಿಲ್ಲ. ಎಳ್ಳು ಹಚ್ಚಿದ ಕಡಕ್ ಸಜ್ಜಿ ರೊಟ್ಟಿ ಮುರಿದು ಇಡಿ, ಅದರ ಮುಂದೆ ಯಾವ ಚಿಪ್ಸೂ ಇಲ್ಲ.

ಉಳಿದರೆ

ಗಾಳಿ ತಾಗಿದರೆ ಇದು ಕಂದಾಗುತ್ತದೆ, ಹಣ್ಣಿನೊಳಗಿನ ಕಿಣ್ವದ ಕೆಲಸ ಅದು. ಬಟ್ಟಲಿನ ನಡುವೆ ಬೀಜ ಇಟ್ಟರೆ ಕಂದಾಗುವುದಿಲ್ಲ ಅನ್ನುವುದು ಸುಳ್ಳು. ಬೀಜದ ಅಡಿ ಗಾಳಿ ಹೋಗದ ಜಾಗವಷ್ಟೇ ಹಸಿರಾಗಿರುತ್ತದೆ. ಚಿಕ್ಕ ಡಬ್ಬಿಗೆ ಒತ್ತಿ ತುಂಬಿ, ಮೇಲ್ಮೈಗೆ ತಾಗುವಂತೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಫ್ರಿಜ್ಜಿನಲ್ಲಿಡಿ. ಮರುದಿನ ಮೇಲೆ ಕಂದು ಪದರ ಕಂಡರೆ ಚಮಚದಿಂದ ಕೆರೆದು ತೆಗೆದು, ನಾಲ್ಕು ಹನಿ ಲಿಂಬೆ ಹಿಂಡಿ ಕಲಸಿ ತಿನ್ನಿ. ಮೂರನೇ ದಿನಕ್ಕೆ ಇಡಬೇಡಿ, ಉಳ್ಳಾಗಡ್ಡಿ ವಾಸನೆ ಹೊಡೆಯುತ್ತದೆ.